ತಂದವರು ಯಾರೋ, ಸಾಕಿದವರು ಯಾರೋ

ಹಲ್ಲಿ ಲೊಚಗುಟ್ಟಿದರೆ ನನ್ನ ತಾಯಿ ಇವತ್ತಿಗೂ ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಮೈಮೇಲೆ ಬಿದ್ದರಂತೂ ಪಂಚಾಂಗ ತೆಗೆದು ಯಾವ ಅಂಗದ ಮೇಲೆ ಬಿದ್ದರೆ ಯಾವ ಫಲವೆಂದು ನೋಡಿ, ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿದ ಮೇಲೆಯೇ ಕಾಫಿ. ಅಂಥ ಮನೆಗೆ 2022ರ ಡಿಸೆಂಬರಿನ ಒಂದು ಭಾನುವಾರ, ಒಂದೂವರೆ ಅಡಿ ಉದ್ದದ ಹಲ್ಲಿಯೊಂದು ಗಾಜಿನ ಪೆಟ್ಟಿಗೆಯಲ್ಲಿ ಕೂತು ಕಾರಿನಲ್ಲಿ ಬಂದಿಳಿಯಿತು. ತಂದವನು ನನ್ನ ಅಣ್ಣನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ, ಒಳ್ಳೆಯ ಹುಡುಗ. ಒಳ್ಳೆಯ ಹುಡುಗ ಎಂದು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಾನು ಬರೆಯುತ್ತಿರುವುದು ಕೆಟ್ಟವರು ಮಾಡುವ ಕ್ರೌರ್ಯದ ಬಗ್ಗೆ ಅಲ್ಲ, ಒಳ್ಳೆಯವರು ಮಾಡುವ ಕ್ರೌರ್ಯದ ಬಗ್ಗೆ.

"ಅತ್ತೆ, ಒಂದೇ ಒಂದು ತಿಂಗಳು ಇಟ್ಟುಕೊಳ್ಳಿ. ನಾವು ಮನೆ ಬದಲಾಯಿಸ್ತಾ ಇದ್ದೀವಿ. ಇದಕ್ಕೇನೂ ತೊಂದರೆ ಇಲ್ಲ. ಬೊಗಳಲ್ಲ, ಕಚ್ಚಲ್ಲ, ಸೌತೆಕಾಯಿ ಹಾಕಿದರೆ ಸಾಕು, ಸುಮ್ಮನೆ ಬಿದ್ದಿರುತ್ತೆ" ಎಂದ.

ಸುಮ್ಮನೆ ಬಿದ್ದಿರುತ್ತೆ! ಹೌದು, ಅದು ಸುಮ್ಮನೆ ಬಿದ್ದೇ ಇತ್ತು. ಏಳಲು ಅದಕ್ಕೆ ಶಕ್ತಿ ಇದ್ದರೆ ತಾನೆ ಏಳುವುದು?

ಅದರ ಹೆಸರು ಇಗುವಾನಾ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ, ನದಿಯ ದಂಡೆಯ ಮರಗಳ ಮೇಲೆ ಬಿಸಿಲು ಕಾಯಿಸುತ್ತಾ ಎಲೆ ತಿಂದು ಬದುಕುವ ಪ್ರಾಣಿ. ಮರಿಯಿದ್ದಾಗ ಎಳೆ ಬಾಳೆಯೆಲೆಯ ಹಸಿರು, ಅಂಗೈಯಲ್ಲಿ ಹಿಡಿಸುತ್ತದೆ. ಬೆಳೆದರೆ ಬಾಲ ಸೇರಿ ನಾಲ್ಕೈದು ಅಡಿ, ಗಂಡಾದರೆ ಇನ್ನೂ ಹೆಚ್ಚು. ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಇವೆಲ್ಲ ನಾನು ಆಮೇಲೆ ಓದಿ ತಿಳಿದ ಸಂಗತಿಗಳು. ಅದನ್ನು ಸಾವಿರಾರು ರೂಪಾಯಿ ಕೊಟ್ಟು, ಮಗನ ಹುಟ್ಟುಹಬ್ಬಕ್ಕೆಂದು ಕೊಂಡು ತಂದವನಿಗೆ ಇವುಗಳಲ್ಲಿ ಒಂದೂ ತಿಳಿದಿರಲಿಲ್ಲ. ಅಂಗಡಿಯವನು "ಏನು ಹಾಕಿದರೂ ತಿನ್ನುತ್ತೆ ಸಾರ್" ಎಂದನಂತೆ. ಮೊಬೈಲಿನಲ್ಲಿ ಯಾರೋ ಹಾಗೇ ಹೇಳಿದ್ದರಂತೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದರೆ ಇದೇ ಅಲ್ಲವೇ?

ಎರಡು ವರ್ಷದ ಪ್ರಾಣಿ ಒಂದೂವರೆ ಅಡಿಗೇ ನಿಂತಿತ್ತು. ಬಣ್ಣ ಹಸಿರಲ್ಲ, ಒಣಗಿದ ತೆಂಗಿನ ಗರಿಯದು. ಕೆಳದವಡೆ ಊದಿಕೊಂಡು, ಮುಟ್ಟಿದರೆ ರಬ್ಬರಿನಂತೆ ಮೆತ್ತಗಿತ್ತು. ಹಿಂಗಾಲಿನ ತೊಡೆಗಳು ಗುಂಡುಗುಂಡಾಗಿದ್ದವು. "ನೋಡಿ ಅತ್ತೆ, ಎಷ್ಟು ದಷ್ಟಪುಷ್ಟವಾಗಿದೆ!" ಎಂದು ತೋರಿಸಿದ. ಅದು ಪುಷ್ಟಿಯಲ್ಲ, ಮೂಳೆ ಕರಗುತ್ತಿರುವ ಕಾಲು ಊದಿಕೊಂಡದ್ದು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮುಂಗಾಲಿನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಪೊರೆ ಸರಿಯಾಗಿ ಬಿಡದೆ ಬೆರಳಿನ ಸುತ್ತ ದಾರ ಕಟ್ಟಿದಂತೆ ಬಿಗಿದು, ಎರಡು ಬೆರಳ ತುದಿ ಕಪ್ಪಾಗಿತ್ತು. ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಗಿಡ, ಒಣಗಿದ ಎಲೆಕೋಸು, ನಾಯಿಗೆ ಹಾಕುವ ಪುಡಿ ಬಿಸ್ಕತ್ತು, ಸುಟ್ಟುಹೋದ ಒಂದು ಬಲ್ಬು. ಬಲ್ಬು ಯಾವಾಗ ಹೋಯಿತು ಎಂದು ಕೇಳಿದೆ. ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು.

ಅದು ನನ್ನನ್ನು ನೋಡಿತು. ಮೈಯೆಲ್ಲ ಸೋತಿದ್ದರೂ ಕಣ್ಣು ಮಾತ್ರ ಸೋತಿರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಹಿಂದಿನ ಬೆಂಚಿನಲ್ಲಿ ಹಸಿದು ಕೂತ ಮಗುವಿನ ಕಣ್ಣು ಗೊತ್ತಾಗುತ್ತದೆ. ಇದೂ ಅಂಥದೇ.

ಮರುದಿನ ಅರ್ಧ ದಿನ ರಜೆ ಹಾಕಿ, ಕಾಯಿಪಲ್ಯದ ಬುಟ್ಟಿಯಲ್ಲಿ ಹಳೆಯ ಟವೆಲ್ ಹಾಸಿ ಅದನ್ನು ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ನಮ್ಮದು ತುಮಕೂರು ಜಿಲ್ಲೆಯ ತಾಲ್ಲೂಕು ಊರು. ಆಸ್ಪತ್ರೆಯ ಮುಂದೆ ಹಸು, ಎಮ್ಮೆ, ಹೊಟ್ಟೆಯುಬ್ಬರದ ಕುರಿ. ನನ್ನ ಬುಟ್ಟಿಯಲ್ಲಿ ಇಣುಕಿದ ರೈತನೊಬ್ಬ, "ಏನವ್ವಾ ಮೇಡಮ್ಮಾ, ಉಡ ಹಿಡ್ಕಂಡ್ ಬಂದಿದೀರಾ? ಜೈಲಿಗೆ ಹಾಕ್ತಾರೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಉಡ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿದೆ. ಓದು ಬಾರದ ಆ ರೈತನಿಗೆ ಅಷ್ಟು ಗೊತ್ತಿತ್ತು!

ಡಾಕ್ಟರು ಪ್ರಾಮಾಣಿಕರು. "ಮೇಡಂ, ನಾನು ಇದುವರೆಗೆ ಇಂಥದಕ್ಕೆ ಔಷಧಿ ಕೊಟ್ಟಿಲ್ಲ" ಎಂದು ಮೊದಲೇ ಹೇಳಿದರು. ಆದರೆ ದವಡೆ ಮುಟ್ಟಿ ನೋಡಿದವರೇ, "ಕರು ಹಾಕಿದ ಹಸುವಿಗೆ ಹಾಲು ಜ್ವರ ಬಂದು ಮಲಗಿಬಿಡುತ್ತಲ್ಲ, ರಕ್ತದಲ್ಲಿ ಸುಣ್ಣದ ಅಂಶ ಇಳಿದು? ಇದೂ ಸುಣ್ಣದ ಕೊರತೆಯೇ. ಹಸುವಿನದು ಒಂದು ದಿನದ್ದು, ಇದರದು ಎರಡು ವರ್ಷದ್ದು" ಎಂದರು. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ತಮ್ಮ ಸಹಪಾಠಿಗೆ ನನ್ನೆದುರಿಗೇ ಫೋನು ಮಾಡಿ, ಫೋಟೋ ಕಳಿಸಿ, ಕೇಳಿ ಬರೆದುಕೊಟ್ಟರು. ಅಂದು ಅವರು ವಿವರಿಸಿದ್ದನ್ನು ನಿಮಗೂ ಹೇಳಬೇಕು, ಏಕೆಂದರೆ ಈ ಲೇಖನದ ಜಗಳವೆಲ್ಲ ಇರುವುದು ಅದರಲ್ಲೇ.

ಇದರ ರಕ್ತಕ್ಕೆ ನಮ್ಮ ಹಾಗೆ ತನ್ನದೇ ಬಿಸಿ ಇಲ್ಲ. ಬಿಸಿಲಿನಿಂದಲೇ ಮೈ ಕಾಯಿಸಿಕೊಳ್ಳಬೇಕು. ಮೈ ಕಾಯದಿದ್ದರೆ ಹೊಟ್ಟೆಗೆ ಹಾಕಿದ್ದು ಜೀರ್ಣವಾಗುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವೊಂದಿದೆ. ಅದು ಚರ್ಮಕ್ಕೆ ಬಿದ್ದಾಗಲೇ ಮೈಯಲ್ಲಿ ಡಿ ಜೀವಸತ್ವ ಹುಟ್ಟುವುದು, ಡಿ ಇದ್ದರೇ ತಿಂದ ಸೊಪ್ಪಿನ ಸುಣ್ಣ ಮೈಗೆ ಹತ್ತುವುದು. ಆ ಕಿರಣವನ್ನು ಗಾಜು ತಡೆದುಬಿಡುತ್ತದೆ. ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟು "ಬಿಸಿಲಿಗೆ ಇಟ್ಟಿದ್ದೇವೆ" ಎಂದುಕೊಂಡರೆ ಬೆಳಕು ಬಂತು, ಬಿಸಿಯೂ ಬಂತು, ಬೇಕಾದದ್ದು ಮಾತ್ರ ಬರಲಿಲ್ಲ. ಆಗ ದೇಹ ಏನು ಮಾಡುತ್ತದೆ? ಹೃದಯ ಬಡಿಯಲು, ಸ್ನಾಯು ಆಡಲು ಬೇಕಾದ ಸುಣ್ಣವನ್ನು ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮನೆಯ ಖರ್ಚಿಗೆ ಒಂದೊಂದೇ ಬಳೆ ಮಾರಿದ ಹಾಗೆ. ಹೊರಗಿನವರಿಗೆ ಸಂಸಾರ ನಡೆಯುತ್ತಿರುವಂತೆಯೇ ಕಾಣುತ್ತದೆ, ಒಂದು ದಿನ ಪೆಟ್ಟಿಗೆ ತೆಗೆದರೆ ಬರಿದು.

ಈ ಮಾತು ಕೇಳುವಾಗ ನನಗೆ ನನ್ನ ಮಂಡಿಯ ನೆನಪಾಯಿತು. ಅದೇ ವರ್ಷ ನಮ್ಮ ಲೇಡಿ ಡಾಕ್ಟರು ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ, "ಟೀಚರೇ, ನಿಮಗೂ ಡಿ ಕಡಿಮೆ, ಮೂಳೆ ಸವೆಯುವ ವಯಸ್ಸು, ಬಿಸಿಲಿಗೆ ಹೋಗಿ" ಎಂದಿದ್ದರು. ನಾನು ಮಾತ್ರೆ ನುಂಗಿ, ಬಿಸಿಲನ್ನು ಮರೆತಿದ್ದೆ.

ಶುಶ್ರೂಷೆ ಶುರುವಾಯಿತು. ಪಕ್ಕದ ಬೀದಿಯ ಬಡಗಿಯಿಂದ ಕಬ್ಬಿಣದ ಜಾಲರಿ ಹೊಡೆಸಿ ಎರಡು ಅಡಿ ಅಗಲದ ಗೂಡು ಮಾಡಿಸಿದೆ. ಬೆಳಿಗ್ಗೆ ಎಂಟಕ್ಕೆ ಅಗಲವಾದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಅದರ ಹೊಟ್ಟೆ ಮುಟ್ಟುವಷ್ಟು ಮಾತ್ರ, ಹದಿನೈದು ನಿಮಿಷ. ನೀರಿನಲ್ಲಿ ನೆನೆದ ಹಳೆಯ ಪೊರೆಯನ್ನು ಹತ್ತಿಯಿಂದ ದಿನಕ್ಕಿಷ್ಟು ಬಿಡಿಸುವುದು, ಎಳೆಯುವಂತಿಲ್ಲ. ಡಾಕ್ಟರು ಅಳೆದು ಹೇಳಿದಷ್ಟೇ ಸುಣ್ಣದ ಔಷಧಿಯ ತೊಟ್ಟು, ಸಿರಿಂಜಿನಿಂದ ಬಾಯಿಯ ಅಂಚಿಗೆ. ದವಡೆ ಮೆತ್ತಗಿದ್ದುದರಿಂದ ಸೊಪ್ಪನ್ನು ಕೊತ್ತಂಬರಿಗಿಂತ ಸಣ್ಣಗೆ ಹೆಚ್ಚಬೇಕು. ಹಿತ್ತಿಲಿನ ನುಗ್ಗೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಸಾಸಿವೆ ಸೊಪ್ಪು, ತುರಿದ ಸಿಹಿಗುಂಬಳ, ಹುರುಳಿಕಾಯಿ. ಪಾಲಕ್ ಹೆಚ್ಚು ಬೇಡ, ಅದರಲ್ಲಿರುವ ಹುಳಿ ಸುಣ್ಣವನ್ನು ಕಟ್ಟಿಹಾಕುತ್ತದೆ. ಮೊಟ್ಟೆ, ಮಾಂಸ, ನಾಯಿಯ ಬಿಸ್ಕತ್ತು ಕೂಡದು, ಮೂತ್ರಪಿಂಡವೇ ಹೋಗುತ್ತದೆ. ರಾತ್ರಿ ನಮ್ಮೂರ ಡಿಸೆಂಬರಿನ ಚಳಿ. ಬಿಸಿನೀರಿನ ರಬ್ಬರ್ ಚೀಲಕ್ಕೆ ದಪ್ಪ ಬಟ್ಟೆ ಸುತ್ತಿ ಗೂಡಿನ ಅರ್ಧ ಭಾಗದ ಕೆಳಗೆ ಇಡಬೇಕು, ಬಿಸಿ ಬೇಡವಾದರೆ ಅದು ಇನ್ನರ್ಧಕ್ಕೆ ಸರಿಯಲಿ ಎಂದು. ನಡುರಾತ್ರಿ ಎದ್ದು ನೀರು ಬದಲಿಸಬೇಕು. ಗೂಡು ತೊಳೆಯುವುದು ಹಿತ್ತಿಲ ಕಲ್ಲಿನ ಮೇಲೆ, ಅಡಿಗೆಮನೆಯ ಸಿಂಕಿನಲ್ಲಿ ಖಂಡಿತ ಅಲ್ಲ. ಇಂಥ ಪ್ರಾಣಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ, ಮನುಷ್ಯರಿಗೆ ವಾಂತಿಭೇದಿ ತರುವ ರೋಗಾಣು ಇರುತ್ತದೆ. ಪ್ರತಿ ಸಲ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಇಷ್ಟನ್ನೂ ಓದಿ ನಿಮಗೆ ಸುಸ್ತಾಯಿತೇ? ನಾನು ಇದನ್ನು ನಾಲ್ಕು ತಿಂಗಳು ಮಾಡಿದೆ, ಶಾಲೆಯ ಕೆಲಸದ ಜೊತೆಗೆ, ಹತ್ತನೆಯ ತರಗತಿಯ ಪರೀಕ್ಷೆಯ ಸಮಯದಲ್ಲಿ.

ಒಂಬತ್ತೂವರೆಗೆ ನಾನು ಶಾಲೆಗೆ ಹೊರಡಬೇಕು. ಒಳ್ಳೆಯ ಬಿಸಿಲು ಬರುವುದೇ ಆಮೇಲೆ. ಅಂಗಳದಲ್ಲಿ ಜಾಲರಿಯ ಗೂಡಿಟ್ಟು, ಅರ್ಧಕ್ಕೆ ಗೋಣಿ ಹೊದಿಸಿ ನೆರಳು ಮಾಡಿದರೂ ಕಾಗೆ, ಬೆಕ್ಕು ಕಾಯುವವರು ಬೇಕಲ್ಲ? ನಮ್ಮ ಮನೆಯವರು ನಿವೃತ್ತರು, ಮನೆಯಲ್ಲೇ ಇರುತ್ತಾರೆ. "ನನಗೆ ಆ ಹಲ್ಲಿ ಕಾಯೋ ಹಣೆಬರಹವೇನೇ?" ಎಂದು ಪೇಪರಿನ ಹಿಂದೆ ಮುಖ ಮರೆಸಿದರು. ಕಾದವರು ಯಾರು ಗೊತ್ತೇ? ಎಂಬತ್ತನಾಲ್ಕು ವರ್ಷದ ನನ್ನ ತಾಯಿ! ಮೊದಲ ವಾರ "ಶನಿ, ಶನಿ" ಎಂದು ಬೈದರು. ಎರಡನೆಯ ವಾರ, ನಾನು ಅದನ್ನು ಬೆಚ್ಚನೆಯ ನೀರಿನಿಂದೆತ್ತಿ ಟವೆಲ್ಲಿನಲ್ಲಿ ಸುತ್ತುವುದನ್ನು ನೋಡಿ, "ಬಾಣಂತಿ ಮನೆ ಮಾಡಿದೀಯಲ್ಲೇ. ಕೊಡು ಇಲ್ಲಿ, ನೀನು ಹೊರಡು, ಬಸ್ಸು ತಪ್ಪುತ್ತೆ" ಎಂದರು. ಅಂದಿನಿಂದ ಅಂಗಳದಲ್ಲಿ ಒಂದು ಕುರ್ಚಿ, ಕೈಯಲ್ಲಿ ಕಾಗೆ ಓಡಿಸುವ ಕೋಲು, ಪಕ್ಕದಲ್ಲಿ ಗೂಡು. ಆ ಚಳಿಗಾಲ ಅಮ್ಮನ ಕೀಲುನೋವು ಕಡಿಮೆಯಾಯಿತು ಎಂದು ಅಮ್ಮನೇ ಹೇಳುತ್ತಾರೆ. ಭಾನುವಾರಗಳಲ್ಲಿ ನಾನೂ ಅವರ ಪಕ್ಕ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಈ ಪ್ರಾಣಿಯ ನೆತ್ತಿಯ ಮೇಲೆ ಸಣ್ಣ ಹರಳಿನಂಥ ಒಂದು ಚುಕ್ಕೆಯಿದೆ. ಅದು ಅದರ ಮೂರನೆಯ ಕಣ್ಣು. ರೂಪ ಕಾಣುವುದಿಲ್ಲ, ಬೆಳಕು ನೆರಳು ಮಾತ್ರ ತಿಳಿಯುತ್ತದೆ, ಮೇಲಿಂದ ಹದ್ದು ಎರಗಿದರೆ ಗೊತ್ತಾಗಲೆಂದು. ಗೂಡಿನ ಮೇಲೆ ಕಾಗೆ ಹಾರಿದಾಗಲೆಲ್ಲ ಅದು ತಲೆಯೆತ್ತದೆಯೇ ಮೈ ತಗ್ಗಿಸುತ್ತಿತ್ತು. ಎರಡು ವರ್ಷ ಪ್ಲಾಸ್ಟಿಕ್ ಮುಚ್ಚಳದ ಕೆಳಗಿದ್ದ ಆ ಕಣ್ಣಿಗೆ ಆಕಾಶ ಇದೆಯೆಂಬುದೇ ನಮ್ಮ ಅಂಗಳದಲ್ಲಿ ಗೊತ್ತಾದದ್ದು.

ಫೆಬ್ರವರಿಯ ಹೊತ್ತಿಗೆ ಬೆರಳ ನಡುಕ ನಿಂತಿತು. ಮಾರ್ಚಿನಲ್ಲಿ ಒಂದು ದಿನ ದಾಸವಾಳದ ಹೂವನ್ನು ಇಡಿಯಾಗಿ ಕಚ್ಚಿ ಎಳೆಯಿತು. ದವಡೆ ಗಟ್ಟಿಯಾಗಿತ್ತು! ಅಮ್ಮ ಶಾಲೆಗೆ ಫೋನು ಮಾಡಿಸಿ ಹೇಳಿದರು. ಏಪ್ರಿಲಿನಲ್ಲಿ ಹೊಟ್ಟೆ ನೆಲಕ್ಕೆ ತಾಗದಂತೆ ನಾಲ್ಕು ಕಾಲಿನ ಮೇಲೆ ನಿಂತಿತು. ಆದರೆ ಬೆನ್ನಿನ ಡೊಂಕು ಹೋಗಲಿಲ್ಲ, ಹೋಗುವುದೂ ಇಲ್ಲ. ಕಪ್ಪಾಗಿದ್ದ ಬೆರಳ ತುದಿಗಳು ಉದುರಿಹೋದವು. ವಾಸಿಯಾಯಿತು ಎನ್ನುವ ಮಾತಿಗೆ ಒಂದು ಮಿತಿ ಇದೆ ಎಂಬುದನ್ನು ಆ ಡೊಂಕು ಬೆನ್ನು ನನಗೆ ದಿನವೂ ತೋರಿಸುತ್ತದೆ.

ಈಗ ಜಗಳಕ್ಕೆ ಬರುತ್ತೇನೆ.

ಮೇ ತಿಂಗಳಲ್ಲಿ ಫೋನು ಬಂತು. "ಅತ್ತೆ, ಫೋಟೋ ನೋಡಿದೆ, ಸೂಪರ್ ಆಗಿದೆ! ಮಗು ಕೇಳ್ತಿದ್ದಾನೆ. ಭಾನುವಾರ ಬಂದು ಕರಕೊಂಡು ಹೋಗ್ತೀವಿ."

ಒಂದು ತಿಂಗಳೆಂದು ಬಿಟ್ಟುಹೋದವನು ಐದು ತಿಂಗಳಲ್ಲಿ ಎಷ್ಟು ಸಲ ವಿಚಾರಿಸಿದ್ದ? ಎರಡು ಸಲ. ನಾನು ನಾಲ್ಕು ಪ್ರಶ್ನೆ ಕೇಳಿದೆ. ದಿನಾ ಬಿಸಿಲಿಗೆ ಯಾರು ಇಡುತ್ತಾರೆ? ಸೊಪ್ಪು ಯಾರು ಹೆಚ್ಚುತ್ತಾರೆ? ಗೂಡು ಯಾರು ತೊಳೆಯುತ್ತಾರೆ? ನಾಲ್ಕು ಅಡಿ ಬೆಳೆದಾಗ ಎಲ್ಲಿಡುತ್ತೀರಿ? ನಾಲ್ಕಕ್ಕೂ ಅವನ ಉತ್ತರ ಒಂದೇ: "ಇವಳಿದ್ದಾಳಲ್ಲ ಅತ್ತೆ." ಇವಳು ಎಂದರೆ ಅವನ ಹೆಂಡತಿ. ಅವಳೂ ಕೆಲಸಕ್ಕೆ ಹೋಗುವವಳು. ಹಿಂದಿನಿಂದ ಅವಳ ಧ್ವನಿ ಕೇಳಿಸಿತು: "ನನ್ನನ್ನು ಕೇಳಿ ತಂದಿದ್ರಾ?"

ಅಕ್ಕತಂಗಿಯರೇ, ಆ ಒಂದು ಮಾತಿಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ನಿಮ್ಮ ಮನೆಗೆ ನಾಯಿಮರಿ ತಂದವರು ಯಾರು? ಜೋಡಿ ಗಿಳಿಯ ಪಂಜರ ತಂದವರು ಯಾರು? ನಾಣ್ಯದಷ್ಟಿದ್ದ ಹಸಿರು ಆಮೆಮರಿ ತಂದು, ಅದು ತಟ್ಟೆಯಷ್ಟಾದ ಮೇಲೆ ದೇವಸ್ಥಾನದ ಕಲ್ಯಾಣಿಗೆ ಬಿಟ್ಟುಬಂದವರು ಯಾರು? ತಂದವರಿಗೆ ಪ್ರಾಣಿಪ್ರಿಯರೆಂಬ ಹೆಸರು. ಅದರ ಹೇಲು ಬಾಚುವವರಿಗೆ, ಊರಿಗೆ ಹೋಗಲಾಗದೆ ಮದುವೆ ಮುಂಜಿ ತಪ್ಪಿಸಿಕೊಳ್ಳುವವರಿಗೆ, ಸತ್ತಾಗ ಮೊದಲು ನೋಡುವವರಿಗೆ ಯಾವ ಹೆಸರೂ ಇಲ್ಲ. ಮಗುವಿಗೆ ಉಡುಗೊರೆ ಎಂದು ಬಂದ ಜೀವ ಮಗುವಿನ ಕೈಯಲ್ಲಿ ಹದಿನೈದು ದಿನ, ಅಪ್ಪನ ಮೊಬೈಲಿನಲ್ಲಿ ಒಂದು ತಿಂಗಳು, ಆಮೇಲೆ ಅಮ್ಮನ ತಲೆಯ ಮೇಲೆ. ಅಮ್ಮನಿಗೂ ಕೈ ಸಾಲದಾದಾಗ ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬೊಗಳುವ ಪ್ರಾಣಿಯಾದರೆ ಹಸಿವಾದಾಗ ಕೂಗಿಯಾದರೂ ಹೇಳೀತು. ಇದಕ್ಕೆ ಕೂಗಲೂ ಬಾರದು. ಅಂಗಡಿಯವನು ಅದನ್ನೇ ದೊಡ್ಡ ಗುಣವೆಂದು ಹೇಳಿ ಮಾರುತ್ತಾನೆ!

"ಮಕ್ಕಳು ಪ್ರಾಣಿದಯೆ ಕಲಿಯುತ್ತಾರೆ" ಎಂದು ವಾದಿಸುವವರಿದ್ದಾರೆ. ನಾನು ಮಕ್ಕಳ ನಡುವೆಯೇ ಬದುಕಿದವಳು. ನಾನು ಕೆಲಸಕ್ಕೆ ಸೇರಿದ ಹಳ್ಳಿಯ ಶಾಲೆಯಲ್ಲಿ ಹುಡುಗರು ಬೇಲಿಯ ಮೇಲಿನ ಓತಿಕ್ಯಾತದ ಕುತ್ತಿಗೆಗೆ ದಾರ ಕಟ್ಟಿ, ಬಾಯಿಗೆ ಬೀಡಿ ಇಟ್ಟು ಕುಣಿಸುತ್ತಿದ್ದರು. ನಾನು ಬೆತ್ತ ಹಿಡಿದು ಓಡಿಸಿದ್ದೇನೆ, ಬೈದಿದ್ದೇನೆ. ಈಗ ಅನ್ನಿಸುತ್ತದೆ, ಆ ಹುಡುಗರ ಕ್ರೌರ್ಯ ಒಂದು ಮಧ್ಯಾಹ್ನದ್ದು. ಅವರಿಗೆ ತಾವು ಹಿಂಸೆ ಮಾಡುತ್ತಿದ್ದೇವೆಂದು ಗೊತ್ತಿತ್ತು, ಅದಕ್ಕೇ ನನ್ನನ್ನು ಕಂಡು ಓಡುತ್ತಿದ್ದರು. ಎರಡು ವರ್ಷ ಗಾಜಿನೊಳಗಿಟ್ಟು ಮೂಳೆ ಕರಗಿಸಿದವರು ಮಾತ್ರ ತಾವು ಪ್ರೀತಿಸುತ್ತಿದ್ದೇವೆಂದೇ ತಿಳಿದಿದ್ದರು! ಅವರ ಮಗು ಕಲಿತದ್ದು ದಯೆಯೇ? ಬೇಸರ ಬಂದ ಜೀವವನ್ನು ಅಜ್ಜಿಯ ಮನೆಗೆ ದಾಟಿಸಬಹುದು, ರಿಪೇರಿಯಾದ ಮೇಲೆ ವಾಪಸು ತರಬಹುದು ಎಂಬುದನ್ನು ಕಲಿಯಿತು.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಬೇರೆ ದಿಕ್ಕಿನಿಂದ ಚುಚ್ಚಿದರು. "ಮನುಷ್ಯರ ಮಕ್ಕಳಿಗೇ ಮೂಳೆಗೆ ಸುಣ್ಣವಿಲ್ಲ, ನೀವು ಹಲ್ಲಿಗೆ ಔಷಧಿ ಹಾಕ್ತಾ ಕೂತಿದ್ದೀರಿ." ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ನನ್ನ ಉತ್ತರ ಇಷ್ಟೆ. ಗೋಡೆಯ ಮೇಲಿನ ಹಲ್ಲಿಗೆ ನಾನೇನೂ ಸಾಲ ತೀರಿಸಬೇಕಿಲ್ಲ, ಅದರ ಹುಳ ಅದು ಹಿಡಿದುಕೊಳ್ಳುತ್ತದೆ. ಬಾಗಿಲು ಹಾಕಿ ಕೂಡಿಟ್ಟ ಜೀವದ ಮಾತು ಬೇರೆ. ತನ್ನ ಅನ್ನ, ತನ್ನ ಬಿಸಿಲು, ತನ್ನ ನೀರು ಹುಡುಕಿಕೊಳ್ಳುವ ದಾರಿಯನ್ನೆಲ್ಲ ನಾವು ಮುಚ್ಚಿದ ಮೇಲೆ, ಅದಷ್ಟನ್ನೂ ಕೊಡುವುದು ದಯೆಯಲ್ಲ, ಸಾಲ. ಮತ್ತು ನುಗ್ಗೆ ಸೊಪ್ಪು ಹೆಚ್ಚಿದ ಕೈಯೇ ಆ ವರ್ಷ ನನ್ನ ತರಗತಿಯ ಹುಡುಗಿಯರಿಗೆ ನುಗ್ಗೆ ಸೊಪ್ಪಿನ ಪಲ್ಯ ತಿನ್ನಿ, ಬಿಸಿಲಲ್ಲಿ ಆಡಿ ಎಂದು ಪಾಠವನ್ನೂ ಹೇಳಿತು. ಒಂದು ಜೀವಕ್ಕೆ ಮಾಡಿದ್ದು ಇನ್ನೊಂದರಿಂದ ಕಿತ್ತುಕೊಂಡದ್ದು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

"ದೇವರಾಯನದುರ್ಗದ ಕಾಡಿಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ" ಎಂದರು ಇನ್ನೊಬ್ಬರು. ಇದು ಎಲ್ಲಕ್ಕಿಂತ ಅಪಾಯದ ಪುಣ್ಯ. ಪರದೇಶದ ಪ್ರಾಣಿ ನಮ್ಮ ಕಾಡಿನಲ್ಲಿ ಸತ್ತರೆ ಅದಕ್ಕೆ ಪಾಪ, ಬದುಕಿ ಬೆಳೆದರೆ ಕಾಡಿಗೇ ಪಾಪ. ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಇಗುವಾನಾಗಳು ಹೆಚ್ಚಿ, ತೋಟ ತಿಂದು, ಕಾಲುವೆಯ ದಂಡೆ ಕೊರೆದು ಪಿಡುಗಾಗಿವೆ. ಚಳಿ ಜೋರಾದರೆ ಅಲ್ಲಿ ಅವು ಮರಗಟ್ಟಿ ಮರದಿಂದ ತೊಪತೊಪನೆ ಬೀಳುತ್ತವೆ. 2020ರ ಜನವರಿಯಲ್ಲಿ ಅಲ್ಲಿನ ಹವಾಮಾನ ಇಲಾಖೆ "ಇಗುವಾನಾ ಬೀಳಬಹುದು, ಜೋಕೆ" ಎಂದು ಎಚ್ಚರಿಕೆಯನ್ನೇ ಹೊರಡಿಸಿತ್ತು. ಜನ ಓದಿ ನಕ್ಕರು. ನನಗೆ ನಗು ಬರುವುದಿಲ್ಲ.

ಸರ್ಕಾರವೂ ತಡವಾಗಿ ಕಣ್ಣು ತೆರೆದಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳೂ ಅದರೊಳಗೆ ಬಂದವು. 2024ರ ನಿಯಮದಂತೆ ಅಂಥವನ್ನು ಇಟ್ಟುಕೊಂಡವರು ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು. ಇಗುವಾನಾ ಆ ಪಟ್ಟಿಯಲ್ಲಿದೆ. ಇನ್ನು ನಮ್ಮದೇ ನೆಲದ ಉಡ, ನಕ್ಷತ್ರ ಆಮೆಗಳನ್ನು, ಲಕ್ಷ್ಮಿ ಬರುತ್ತಾಳೆಂದು ಯಾರು ಹೇಳಿದರೂ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಆದರೆ ಕಾನೂನು ಪ್ರಾಣಿಯ ಲೆಕ್ಕ ಇಡುತ್ತದೆಯೇ ಹೊರತು ಬೆಳಿಗ್ಗೆ ಎದ್ದು ಸೊಪ್ಪು ಹೆಚ್ಚುವುದಿಲ್ಲ.

ನಾನು ಅದನ್ನು ವಾಪಸು ಕೊಡಲಿಲ್ಲ. ಅಣ್ಣ ಸಿಟ್ಟಾದ. "ಒಂದು ಹಲ್ಲಿಗೋಸ್ಕರ ಮಗುವಿನ ಮನಸ್ಸು ನೋಯಿಸಿದೆಯಲ್ಲೇ" ಎಂದ. ಆ ವರ್ಷದ ಗೌರಿಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ನೋಯಲಿಲ್ಲವೆಂದರೆ ಸುಳ್ಳಾದೀತು. ಐವತ್ತು ದಾಟಿದ ಹೆಂಗಸಿಗೂ ತವರು ತವರೇ. ಆದರೂ ಮಗುವನ್ನು ದಸರಾ ರಜೆಗೆ ಕರೆಸಿಕೊಂಡು, ನುಗ್ಗೆ ಸೊಪ್ಪು ಬಿಡಿಸಿ ಹೆಚ್ಚುವುದನ್ನು ನಾನೇ ಕಲಿಸಿದೆ. ಗೂಡನ್ನೂ ತೊಳೆಸಿದೆ. ಮೂರನೆಯ ದಿನ ಅವನು ಅದರ ಬೆನ್ನು ಮುಟ್ಟಿ, "ಅಜ್ಜಿ, ಇದು ಹೀಗೆ ಸೊಟ್ಟ ಆಗಿದ್ದು ನಮ್ಮಿಂದಾನಾ?" ಎಂದು ಕೇಳಿದ. "ಹೌದು ಕಂದ" ಎಂದೆ. ಅವನು ಅತ್ತ. ನಾನು ಸಮಾಧಾನ ಮಾಡಲು ಅವಸರಪಡಲಿಲ್ಲ. ಪ್ರಾಣಿದಯೆಯ ಪಾಠ ಎಂದು ಏನಾದರೂ ಇದ್ದರೆ ಅದು ಅಂದು ಶುರುವಾಯಿತು.

ನೋಂದಣಿಯ ಅರ್ಜಿಯನ್ನು 2024ರಲ್ಲಿ ನನ್ನ ಹೆಸರಿನಲ್ಲೇ ಹಾಕಿದೆ. ಮಗಳು ಕಂಪ್ಯೂಟರಿನ ಮುಂದೆ ಕೂತು ತುಂಬಿದಳು. ಈಗ ಅದು ಬಾಲ ಸೇರಿ ಮೂರು ಅಡಿ ಇದೆ. ಅಂಗಳದ ಒಂದು ಭಾಗಕ್ಕೆ ಜಾಲರಿ ಹೊಡೆಸಿ, ಒಳಗೆ ಸೀಬೆಯ ಕೊಂಬೆ ಕಟ್ಟಿದ್ದೇವೆ. ಪೇಪರಿನ ಹಿಂದೆ ಮುಖ ಮರೆಸಿದ ನಮ್ಮ ಮನೆಯವರೇ ಈಗ ಕಾಗೆ ಓಡಿಸುವುದು. ಅಮ್ಮನಿಗೆ ಕಣ್ಣು ಮಂದವಾಗಿದೆ, ಆದರೂ "ಬಿಸಿಲಿಗೆ ಬಂತೇನೇ?" ಎಂದು ವಿಚಾರಿಸದೆ ತಿಂಡಿ ಮುಟ್ಟುವುದಿಲ್ಲ.

ಇದು ಸುಖಾಂತ್ಯವೆಂದು ದಯವಿಟ್ಟು ತಿಳಿಯಬೇಡಿ. ನನಗೀಗ ಐವತ್ತಾರು. ಇದು ಆಯುಷ್ಯವಿದ್ದಷ್ಟು ಬದುಕಿದರೆ ನನಗೆ ಎಪ್ಪತ್ತಾದಾಗಲೂ ಇದಕ್ಕೆ ಸೊಪ್ಪು ಬೇಕು, ಬಿಸಿಲು ಬೇಕು. ನಡುರಾತ್ರಿ ಏಳಲು ಆಗ ನನ್ನ ಮಂಡಿ ಒಪ್ಪುತ್ತದೆಯೇ? ಯಾರ ಮನೆಯ ಬಾಗಿಲಿಗೆ ಬುಟ್ಟಿ ಹಿಡಿದು ಹೋಗಲಿ? ಒಬ್ಬ ಒಳ್ಳೆಯ ಹುಡುಗ ಒಂದು ಸಂಜೆ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಮಾಡಿದ ತೀರ್ಮಾನಕ್ಕೆ ನಾಲ್ಕು ಜನ ಇಪ್ಪತ್ತು ವರ್ಷ ದುಡಿಯಬೇಕು.

ನಮ್ಮ ಭಾಷೆಯಲ್ಲಿ ಸಾಕು ಎಂದರೆ ಪೋಷಿಸು ಎಂದೂ ಅರ್ಥ, ಇನ್ನು ಬೇಡ ಎಂದೂ ಅರ್ಥ. ಮಕ್ಕಳಿಗೆ ವ್ಯಾಕರಣ ಹೇಳುವಾಗ ಎಷ್ಟೋ ಸಲ ಈ ಉದಾಹರಣೆ ಕೊಟ್ಟಿದ್ದೇನೆ. ಮೊದಲನೆಯ ಅರ್ಥದಲ್ಲಿ ಬಾಯಿ ತೆರೆದವರಿಗೆ ಎರಡನೆಯ ಅರ್ಥದಲ್ಲಿ ಬಾಯಿ ತೆರೆಯುವ ಹಕ್ಕಿಲ್ಲ. ಆ ಹಕ್ಕು ಇರುವುದು ತರುವುದಕ್ಕೆ ಮುಂಚೆ, ಬಾಗಿಲಲ್ಲಿ ನಿಂತ ಹೆಂಗಸಿಗೆ. ನಿಮ್ಮ ಮನೆಯ ಗಂಡಸರೋ, ಮಗನೋ, ಅಳಿಯನೋ ಹುಟ್ಟುಹಬ್ಬಕ್ಕೆಂದು ಪೆಟ್ಟಿಗೆಯೊಂದನ್ನು ತರುವ ಮಾತೆತ್ತಿದರೆ, "ಅಯ್ಯೋ, ಮಗುವಿಗೆ ಆಸೆ, ಇರಲಿ ಬಿಡಿ" ಎನ್ನಬೇಡಿ. ನಾಲ್ಕು ಪ್ರಶ್ನೆ ಕೇಳಿ. ನಾಲ್ಕಕ್ಕೂ ಉತ್ತರ "ನೀನಿದ್ದೀಯಲ್ಲ" ಎಂದಾದರೆ, ಬಾಗಿಲಲ್ಲೇ ಹೇಳಿಬಿಡಿ, ಬೇಡ ಎಂದು. ನೀವು ಗಟ್ಟಿ ಮನಸ್ಸಿನವರು ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಒಂದು ಜೀವದ ಬೆನ್ನಾದರೂ ನೆಟ್ಟಗೆ ಉಳಿಯುತ್ತದೆ.